ಕನಸಿನ ನಗರಕ್ಕೂ ಚರಂಡಿ ಬೇಕು

ನಮ್ಮ ಹಳೆಯ ಕಾವ್ಯಗಳಲ್ಲಿ ಪುರವರ್ಣನೆಯಿಲ್ಲದ ಕಾವ್ಯ ವಿರಳ. ಮಹಾಕಾವ್ಯವೆನಿಸಿಕೊಳ್ಳಬೇಕಾದರೆ ಹದಿನೆಂಟು ಬಗೆಯ ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದರು. ಆ ಹದಿನೆಂಟರಲ್ಲಿ ನಗರವೂ ಒಂದು. ಆದುದರಿಂದ ಕವಿಗಳು ಮುಗಿಲನ್ನು ಮುಟ್ಟುವ ಗೋಪುರಗಳನ್ನೂ, ಮಣಿಖಚಿತವಾದ ಉಪ್ಪರಿಗೆಗಳನ್ನೂ, ಕೋಟೆಯ ಸುತ್ತಣ ಕಂದಕವನ್ನೂ, ಉದ್ಯಾನಗಳನ್ನೂ, ಅಂಗಡಿಬೀದಿಗಳನ್ನೂ ಮನದಣಿಯೆ ಬಣ್ಣಿಸಿದರು. ಆ ಉಪ್ಪರಿಗೆಯ ಬಚ್ಚಲನೀರು ಎಲ್ಲಿಗೆ ಹರಿಯಿತೆಂದು ಕೇಳುವ ಗೋಜಿಗೆ ಸಾಮಾನ್ಯವಾಗಿ ಅವರು ಹೋಗಲಿಲ್ಲ. ಅದು ಅವರ ತಪ್ಪಲ್ಲ. ಕಾವ್ಯದ ಉದ್ದೇಶವೇ ಬೇರೆ. ಆದರೆ ನೆಲವನ್ನು ಅಗೆದಾಗ ದೊರೆಯುವ ನಗರದ ರೀತಿ ಇದಕ್ಕೆ ತೀರ ವಿರುದ್ಧವಾದುದು. ಸುಮಾರು 4,500 ವರ್ಷಗಳಷ್ಟು ಹಳೆಯದಾದ ಮೊಹೆಂಜೊದಾರೊ ನಗರದಲ್ಲಿ ಇದೇ ಅರಮನೆಯೆಂದು ನಿಶ್ಚಯವಾಗಿ ಹೇಳಬಹುದಾದ ಒಂದು ಕಟ್ಟಡವೂ ದೊರೆತಿಲ್ಲ. ದೊರೆತಿರುವುದು ನೂರಾರು ಬಾವಿಗಳು, ಮನೆಮನೆಯ ಸ್ನಾನದ ಕಟ್ಟೆಗಳು, ಬೀದಿಯ ಉದ್ದಕ್ಕೂ ಇಟ್ಟಿಗೆಯಿಂದ ಕಟ್ಟಿ ಮುಚ್ಚಿದ ಚರಂಡಿಗಳು. ಕಲ್ಪನೆಯ ನಗರದಲ್ಲಿ ಗೋಪುರವುಂಟು, ಚರಂಡಿಯಿಲ್ಲ. ನಿಜವಾಗಿ ಜನ ಬಾಳಿದ ನಗರದಲ್ಲಿ ಚರಂಡಿ ಉಳಿದಿದೆ, ಗೋಪುರವಿಲ್ಲ.

ಈ ಎರಡು ಬಗೆಯ ನಗರಗಳನ್ನು ಒಂದುಗೂಡಿಸಿದ ಲೇಖಕನೊಬ್ಬನು ನಮ್ಮ ಕಾಲದಲ್ಲಿಯೇ ಆಗಿಹೋದನು. ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್ (1948-2015) ಎಂಬಾತನು ‘ಡಿಸ್ಕ್‌ವರ್ಲ್ಡ್’ ಎಂಬ ಕಲ್ಪಿತಲೋಕವನ್ನು ಸೃಷ್ಟಿಸಿ, 1983ರಿಂದ ಮೊದಲುಗೊಂಡು 41 ಕಾದಂಬರಿಗಳನ್ನು ಬರೆದನು. ಆ ಲೋಕವು ತಟ್ಟೆಯಂತೆ ಚಪ್ಪಟೆಯಾದುದು. ಅದನ್ನು ನಾಲ್ಕು ಆನೆಗಳು ಹೊತ್ತಿವೆ. ಆ ಆನೆಗಳು ಒಂದು ಮಹಾಕೂರ್ಮದ ಬೆನ್ನಿನ ಮೇಲೆ ನಿಂತಿವೆ. ಆದಿಕೂರ್ಮದ ಮತ್ತು ದಿಗ್ಗಜಗಳ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತ ಲೋಕವೇನೂ ಅಲ್ಲ. ಆ ಲೋಕದ ಅತಿ ದೊಡ್ಡ ನಗರವೇ ಆಂಕ್-ಮೋರ್ಪೋರ್ಕ್. ಅಲ್ಲಿ ಸುಮಾರು ಹತ್ತು ಲಕ್ಷ ಜನ. ಮಾಟಗಾರರು, ರಾಕ್ಷಸರು, ಕುಳ್ಳರು, ಕಳ್ಳರು ಎಲ್ಲರಿಗೂ ಅಲ್ಲಿ ತಾವುಂಟು. ಆದರೆ ಅದು ಸುಖದ ನಗರವಲ್ಲ. ನದಿ ಕೊಳೆತಿದೆ, ಮನೆಗಳು ಒಂದರ ಮೇಲೊಂದು ಕುಸಿದು ನಿಂತಿವೆ, ಬೆಂಕಿ ಮೇಲಿಂದ ಮೇಲೆ ಬೀಳುತ್ತದೆ, ಅಂಚೆ ತಲಪುವುದಿಲ್ಲ, ಕಾವಲುಗಾರರು ಬೆರಳೆಣಿಕೆಯಷ್ಟೇ ಇದ್ದಾರೆ. ಕಲ್ಪಿತ ನಗರವನ್ನು ಕಟ್ಟುವವನು ಶುದ್ಧವಾದ ನೀರು ಹೇಗೆ ಒಳಗೆ ಬರುತ್ತದೆ, ಕೊಳಕು ಹೇಗೆ ಹೊರಗೆ ಹೋಗುತ್ತದೆ ಎಂಬ ಪ್ರಶ್ನೆಯಿಂದಲೇ ಆರಂಭಿಸಬೇಕೆಂಬುದು ಪ್ರ್ಯಾಚೆಟ್ಟನ ನಿಲುವಾಗಿತ್ತು.

ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ನಗರವೆಂದರೇನೆಂಬುದನ್ನು ಥಳಥಳಿಸುವ ಆದರ್ಶನಗರಗಳ ಚಿತ್ರಗಳಿಂದ ಕಲಿಯುವುದಕ್ಕಿಂತ, ಕಷ್ಟದಲ್ಲಿ ಸಿಕ್ಕಿದ ಇಂತಹ ಕಲ್ಪಿತ ನಗರದಿಂದ ಹೆಚ್ಚು ಕಲಿಯಬಹುದು ಎಂಬುದೇ ಈ ಲೇಖನದ ವಾದ. ಇದಕ್ಕೆ ಒಂದು ಆಕ್ಷೇಪಣೆ ಬರುವುದು ಸಹಜ. ಮಾಟವೂ ರಾಕ್ಷಸರೂ ತುಂಬಿದ ಕಟ್ಟುಕಥೆಗೂ ವಿಜ್ಞಾನಕ್ಕೂ ಏನು ಸಂಬಂಧ? ಉತ್ತರವು ಸರಳವಾಗಿದೆ. ಭೌತಶಾಸ್ತ್ರಜ್ಞನು ಘರ್ಷಣೆಯೇ ಇಲ್ಲದ ಮೇಜನ್ನು ಕಲ್ಪಿಸಿಕೊಂಡು ಚಲನೆಯ ನಿಯಮವನ್ನು ವಿವರಿಸುತ್ತಾನಷ್ಟೆ. ಒಂದು ಅಂಶವನ್ನು ಬದಲಾಯಿಸಿ ಉಳಿದುವನ್ನು ಹಾಗೆಯೇ ಇರಿಸಿ, ಮುಂದೇನಾಗುತ್ತದೆಂದು ನೋಡುವುದೇ ಚಿಂತನ-ಪ್ರಯೋಗ. ಪ್ರ್ಯಾಚೆಟ್ ಮಾಟವನ್ನು ಕಲ್ಪಿಸಿದನು. ಆದರೆ ನೀರು ತಗ್ಗಿಗೆ ಹರಿಯುವುದೆಂಬ ನಿಯಮವನ್ನೂ, ಮನುಷ್ಯನು ಲಾಭದತ್ತ ಹರಿಯುವನೆಂಬ ನಿಯಮವನ್ನೂ ಬದಲಾಯಿಸಲಿಲ್ಲ. ಆದುದರಿಂದಲೇ ಆ ನಗರದ ಒಂದೊಂದು ಸಂಕಟಕ್ಕೂ ನಮ್ಮ ಭೂಮಿಯ ಚರಿತ್ರೆಯಲ್ಲಿ ಒಂದೊಂದು ಸಾಕ್ಷ್ಯ ಸಿಕ್ಕುತ್ತದೆ. ಕೆಲವನ್ನು ಪರಿಶೀಲಿಸೋಣ.

ಮೊದಲು ಕಟ್ಟಡಗಳ ವಿಚಾರ. ಆಂಕ್-ಮೋರ್ಪೋರ್ಕ್ ನಗರವು ಆಂಕ್-ಮೋರ್ಪೋರ್ಕಿನ ಮೇಲೆಯೇ ನಿಂತಿದೆ. ನದಿಯು ಉಕ್ಕಿ ಹೂಳನ್ನು ತಂದು ತುಂಬಿದಂತೆಲ್ಲ ಜನರು ಬೀದಿಯನ್ನು ಎತ್ತರಿಸಿ, ಮೇಲೆ ಇನ್ನೊಂದು ಅಂತಸ್ತನ್ನು ಕಟ್ಟಿಕೊಂಡರು; ಅಜ್ಜನ ಕಾಲದ ಪಡಸಾಲೆಯು ಮೊಮ್ಮಗನ ಕಾಲಕ್ಕೆ ನೆಲಮಾಳಿಗೆಯಾಯಿತು. ಇದು ಬರಿಯ ತಮಾಷೆಯಲ್ಲ. ಪ್ರಾಚೀನ ನಗರಗಳ ನೆಲೆಗಳು ದಿಬ್ಬಗಳಾಗಿ ಕಾಣುವುದಕ್ಕೆ ಕಾರಣ ಇದೇ: ಬಿದ್ದ ಮನೆಯ ಮಣ್ಣಿನ ಮೇಲೆಯೇ ಹೊಸ ಮನೆ ಏಳುತ್ತ ಬಂದು, ಶತಮಾನಗಳು ಪದರ ಪದರವಾಗಿ ಕೂತಿವೆ. ಆಧುನಿಕ ಕಾಲದಲ್ಲಿಯೂ ಇಂತಹುದು ನಡೆದಿದೆ. ಅಮೆರಿಕದ ಷಿಕಾಗೊ ನಗರವು ಸರೋವರದ ದಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಎತ್ತರದಲ್ಲಿದ್ದ ಸಮತಟ್ಟಾದ ನೆಲದಲ್ಲಿ ಬೆಳೆಯಿತು. ಇಳಿಜಾರಿಲ್ಲದ ನೆಲದಲ್ಲಿ ಚರಂಡಿಯು ಹರಿಯುವುದೆಂತು? 1850ರ ದಶಕದಲ್ಲಿ ಚೆಸ್‌ಬ್ರೊ ಎಂಬ ಎಂಜಿನಿಯರನು ಕೊಳವೆಗಳನ್ನು ನೆಲದ ಮೇಲೆಯೇ ಹಾಕಿ, ಅವುಗಳ ಮೇಲೆ ಮಣ್ಣು ತುಂಬಿ, ಬೀದಿಗಳನ್ನೇ ಎತ್ತರಿಸುವ ಯೋಜನೆಯನ್ನು ಹೂಡಿದನು. ಬೀದಿ ಮೇಲೇರಿದ ಮೇಲೆ ಮನೆಗಳು ಹಳ್ಳದಲ್ಲಿ ಉಳಿಯಲಾರವಷ್ಟೆ! ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡಗಳನ್ನು ನೂರಾರು ತಿರುಪು-ಜಾಕಿಗಳ ಮೇಲೆ ನಿಲ್ಲಿಸಿ, ಅಂಗುಲ ಅಂಗುಲವಾಗಿ ಮೇಲಕ್ಕೆತ್ತಿದರು. ಒಂದು ನಗರವೇ ತನ್ನ ಚರಂಡಿಗಾಗಿ ಎದ್ದು ನಿಂತಿತು.

ಆ ಕಲ್ಪಿತ ನಗರದ ಅನೇಕ ವಿಚಿತ್ರ ರಚನೆಗಳಿಗೆ ಜಾನ್ಸನ್ ಎಂಬ ಶಿಲ್ಪಿ ಕಾರಣನು. ಅವನು ಅಳತೆಗಳನ್ನು ತಪ್ಪಿಸುವುದರಲ್ಲಿ ಅದ್ವಿತೀಯ. ಮಹಾವಿಗ್ರಹವನ್ನು ನಿರ್ಮಿಸಹೊರಟರೆ ಜೇಬಿನಲ್ಲಿ ಇಡಬಹುದಾದ ಗೊಂಬೆ ತಯಾರಾಗುತ್ತದೆ. 2004ರಲ್ಲಿ ಹೊರಬಂದ ‘ಗೋಯಿಂಗ್ ಪೋಸ್ಟಲ್’ ಎಂಬ ಕಾದಂಬರಿಯಲ್ಲಿ ಅವನು ಅಂಚೆಕಚೇರಿಗಾಗಿ ನಿರ್ಮಿಸಿದ ಯಂತ್ರವೊಂದು ಬರುತ್ತದೆ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವು 3.14159... ಎಂದು ಕೊನೆಯಿಲ್ಲದೆ ಬೆಳೆಯುವುದು ಅವನಿಗೆ ಹಿಡಿಸಲಿಲ್ಲ. ಅದು ಸರಿಯಾಗಿ 3 ಆಗಿರುವಂತೆ ಒಂದು ಚಕ್ರವನ್ನು ಮಾಡಿಬಿಟ್ಟನು. ಯಂತ್ರವು ಇನ್ನೂ ಬರೆಯದ ಕಾಗದಗಳನ್ನು ಹೊರಹಾಕಲಾರಂಭಿಸಿತು. ನಾವು ನಗುತ್ತೇವೆ. ಆದರೆ 1999ರ ಸೆಪ್ಟೆಂಬರಿನಲ್ಲಿ ಮಂಗಳಗ್ರಹದ ಹವೆಯನ್ನು ಪರೀಕ್ಷಿಸಲು ಹೋಗಿದ್ದ ಅಮೆರಿಕದ ಗಗನನೌಕೆಯೊಂದು ನಾಶವಾದುದು ಏತರಿಂದ? ಒಂದು ಪಂಗಡದವರು ನೂಕುಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಟ್ಟರು, ಇನ್ನೊಂದು ಪಂಗಡದವರು ಅದನ್ನು ನ್ಯೂಟನ್ನುಗಳೆಂದು ತಿಳಿದರು. ನಿಸರ್ಗಕ್ಕೆ ನಮ್ಮ ಇಷ್ಟಾನಿಷ್ಟಗಳ ಗಣನೆಯಿಲ್ಲ. ನಗರಸಭೆಯು ಎಷ್ಟೇ ಒಮ್ಮತದಿಂದ ನಿರ್ಣಯ ಮಾಡಿದರೂ ಕೆರೆಯ ತೂಬು ತಗ್ಗಿನಿಂದ ದಿಣ್ಣೆಗೆ ಹರಿಯಲಾರದು.

ಇನ್ನು ಹವೆಯ ವಿಚಾರ. ದೊಡ್ಡ ನಗರವು ತನ್ನ ಹವೆಯನ್ನು ತಾನೇ ಉತ್ಪತ್ತಿ ಮಾಡಿಕೊಳ್ಳುತ್ತದೆ ಎಂಬುದನ್ನು ಮೊದಲು ಕ್ರಮವಾಗಿ ತೋರಿಸಿದವನು ಲ್ಯೂಕ್ ಹೊವರ್ಡ್. ಮೋಡಗಳಿಗೆ ನಾವು ಇಂದಿಗೂ ಬಳಸುವ ಹೆಸರುಗಳನ್ನು ಇಟ್ಟವನೂ ಅವನೇ. ಲಂಡನ್ನಿನೊಳಗಿನ ಉಷ್ಣಮಾನವನ್ನೂ ಸುತ್ತಣ ಹಳ್ಳಿಗಾಡಿನ ಉಷ್ಣಮಾನವನ್ನೂ ವರ್ಷಗಳ ಕಾಲ ಹೋಲಿಸಿ, ನಗರವು ವಿಶೇಷವಾಗಿ ರಾತ್ರಿಯ ವೇಳೆಯಲ್ಲಿ ಹೆಚ್ಚು ಬೆಚ್ಚಗಿರುವುದೆಂದು ಅವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಕಂಡುಕೊಂಡನು. ಕಲ್ಲು ಇಟ್ಟಿಗೆಗಳು ಹಗಲೆಲ್ಲ ಬಿಸಿಲನ್ನು ಹೀರಿ ಇರುಳಿನಲ್ಲಿ ಬಿಡುತ್ತವೆ. ಗಿಡಮರಗಳೂ ತೇವದ ಮಣ್ಣೂ ಇಲ್ಲದ ಕಾರಣ ನೀರು ಆವಿಯಾಗುವುದರಿಂದ ದೊರೆಯಬೇಕಾದ ತಂಪು ದೊರೆಯುವುದಿಲ್ಲ. ಆಂಕ್-ಮೋರ್ಪೋರ್ಕಿನ ಕಥೆಗಳಲ್ಲಿ ಬೀದಿಗಳನ್ನು ಕವಿಯುವ ದಟ್ಟವಾದ ಮಂಜಿಗೂ ಲಂಡನ್ನಿನಲ್ಲಿ ಮಾದರಿಯುಂಟು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿಯ ಚಲನೆಯೇ ನಿಂತುಹೋಯಿತು. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವು ಮುಚ್ಚಳದಂತೆ ಕೂತಿತು. ಲಕ್ಷಾಂತರ ಒಲೆಗಳ ಕಲ್ಲಿದ್ದಲ ಹೊಗೆಯು ಅದರ ಕೆಳಗೆ ಸೆರೆಯಾಯಿತು. ಆಗಿನ ಗಣನೆಯಂತೆ ಸುಮಾರು 4,000 ಜನರು ಸತ್ತರು. ಈಚಿನ ಕೆಲವು ಗಣನೆಗಳಂತೆ ಈ ಸಂಖ್ಯೆ 12,000ದವರೆಗೂ ಹೋಗುತ್ತದೆ. ಇದರ ಫಲವಾಗಿ 1956ರಲ್ಲಿ ಶುದ್ಧವಾಯುವಿನ ಕಾಯಿದೆಯು ಬಂದಿತು.

ಇಷ್ಟು ಗಾಳಿಯ ಮಾತಾಯಿತು. ನೀರಿನ ಮಾತು ಇನ್ನೂ ಗಂಭೀರವಾದುದು. ಆಂಕ್ ನದಿಯು ಹರಿಯುವುದಕ್ಕಿಂತ ತೆವಳುತ್ತದೆಂದರೆ ಸರಿ. ಅದರ ಮೇಲೆ ನಡೆದುಹೋಗಬಹುದು. ಆದರೂ ಅಲ್ಲಿಯ ಜನರು ಅದರ ನೀರಿಗೆ ಒಂದು ಸಮರ್ಥನೆಯನ್ನು ಹೇಳುತ್ತಾರೆ: ಇಷ್ಟೊಂದು ಜನರ ದೇಹಗಳ ಮೂಲಕ ಸೋಸಿ ಬಂದ ನೀರು ಶುದ್ಧವಾಗಿರಲೇಬೇಕು! ಈ ವಾದಕ್ಕೆ ಚರಿತ್ರೆಯು ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲವನಾಗಿರಬೇಕು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ, ದಕ್ಷಿಣಭಾಗದ ಒಂದೇ ಬೀದಿಗಳಿಗೆ ಎರಡು ಕಂಪೆನಿಗಳು ನೀರನ್ನು ಒದಗಿಸುತ್ತಿದ್ದುವು. ಲ್ಯಾಂಬೆತ್ ಕಂಪೆನಿಯು 1852ರಲ್ಲಿಯೇ ತನ್ನ ನೀರಿನ ಮೂಲವನ್ನು ನಗರದ ಕೊಳಕು ಸೇರುವ ಜಾಗದಿಂದ ಮೇಲುಹೊಳೆಗೆ ಸ್ಥಳಾಂತರಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ನಗರದೊಳಗಿನ ಥೇಮ್ಸ್ ನದಿಯ ನೀರನ್ನೇ ಕೊಡುತ್ತಿತ್ತು. ಡಾಕ್ಟರ್ ಜಾನ್ ಸ್ನೋ ಮನೆಮನೆಗೆ ಹೋಗಿ, ಯಾವ ಮನೆಗೆ ಯಾವ ಕಂಪೆನಿಯ ನೀರೆಂದು ವಿಚಾರಿಸಿ ಲೆಕ್ಕವನ್ನು ಮಾಡಿದನು. ಕೊಳಕು ನೀರಿನ 10,000 ಮನೆಗಳಿಗೆ 315 ಸಾವು; ಮೇಲುಹೊಳೆಯ ನೀರಿನ 10,000 ಮನೆಗಳಿಗೆ 37 ಸಾವು. ಬೀದಿ ಒಂದೇ, ಗಾಳಿ ಒಂದೇ, ಬಡತನ ಒಂದೇ. ನೀರು ಮಾತ್ರ ಬೇರೆ. ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ಕಾಣದೆಯೇ, ಬರಿಯ ಎಣಿಕೆಯಿಂದ ಇಷ್ಟು ದೊಡ್ಡ ಸತ್ಯವನ್ನು ಸ್ಥಾಪಿಸಿದುದು ವಿಜ್ಞಾನದ ಚರಿತ್ರೆಯಲ್ಲಿ ಒಂದು ಉಜ್ವಲವಾದ ಅಧ್ಯಾಯ.

ಆದರೆ ಸತ್ಯವು ಸ್ಥಾಪಿತವಾದೊಡನೆ ನಗರವು ಎಚ್ಚರಗೊಳ್ಳುವುದಿಲ್ಲ. ಲಂಡನ್ನನ್ನು ಎಚ್ಚರಿಸಿದುದು ಅಂಕಿಅಂಶಗಳಲ್ಲ, ದುರ್ಗಂಧ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯು ನಾರಿದ ನಾತಕ್ಕೆ ದಡದಲ್ಲಿಯೇ ಇದ್ದ ಪಾರ್ಲಿಮೆಂಟಿನ ಸದಸ್ಯರು ತತ್ತರಿಸಿದರು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ನೇತುಹಾಕಬೇಕಾಯಿತು. ವರ್ಷಗಟ್ಟಲೆ ಚರ್ಚೆಯಲ್ಲಿದ್ದ ಒಳಚರಂಡಿಯ ಮಸೂದೆಯು ಕೆಲವೇ ದಿನಗಳಲ್ಲಿ ಕಾಯಿದೆಯಾಯಿತು. ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಸುಮಾರು 130 ಕಿಲೊಮೀಟರು ಉದ್ದದ ಮುಖ್ಯ ಚರಂಡಿಗಳು ಇಟ್ಟಿಗೆಯಿಂದ ನಿರ್ಮಿತವಾದುವು. ಇಲ್ಲಿ ಒಂದು ಸ್ವಾರಸ್ಯವುಂಟು. ಕಾಯಿದೆಯನ್ನು ಮಾಡಿದವರಲ್ಲಿ ಬಹುಮಂದಿ ರೋಗವು ದುರ್ಗಂಧದಿಂದಲೇ ಬರುವುದೆಂದು ನಂಬಿದ್ದರು. ಕಾರಣವು ತಪ್ಪಾಗಿದ್ದರೂ ಕಾರ್ಯವು ಸರಿಯಾಯಿತು. 1866ರಲ್ಲಿ ಕಾಲರಾ ಮರಳಿ ಬಂದಾಗ ಅದು ಭೀಕರವಾಗಿ ಕಾಡಿದುದು ಹೊಸ ಚರಂಡಿಯ ಕೆಲಸ ಇನ್ನೂ ಪೂರೈಸದಿದ್ದ ಪೂರ್ವಭಾಗವನ್ನು. ಪ್ರ್ಯಾಚೆಟ್ಟನ ನಗರದಲ್ಲಿಯೂ ಚರಂಡಿಗಳಿವೆ. 1993ರ ‘ಮೆನ್ ಅಟ್ ಆರ್ಮ್ಸ್’ ಕಾದಂಬರಿಯಲ್ಲಿ ಕಾವಲುಗಾರರು ಅವನ್ನು ಕಂಡುಹಿಡಿಯುತ್ತಾರೆ. ಹಿಂದಿನ ಯುಗದವರು ಕಟ್ಟಿದ ಭವ್ಯವಾದ ಒಳಚರಂಡಿಯು ಊರ ಕೆಳಗೇ ಇದೆ. ಅದು ಇದೆಯೆಂಬುದನ್ನೇ ಊರು ಮರೆತಿದೆ. ಒಂದು ನಾಗರಿಕತೆಯು ತನ್ನ ವಿದ್ಯೆಯನ್ನು ಕಳೆದುಕೊಳ್ಳುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ಬೇರೊಂದಿಲ್ಲ.

ಬೆಂಕಿಯ ಕಥೆಯು ಇನ್ನೊಂದು ಪಾಠವನ್ನು ಹೇಳುತ್ತದೆ. ಡಿಸ್ಕ್‌ವರ್ಲ್ಡ್ ಮಾಲೆಯ ಮೊದಲನೆಯ ಪುಸ್ತಕವು ಆರಂಭವಾಗುವಾಗಲೇ ಆಂಕ್-ಮೋರ್ಪೋರ್ಕ್ ಹೊತ್ತಿ ಉರಿಯುತ್ತಿದೆ. ದೂರದೇಶದ ಪ್ರವಾಸಿಯೊಬ್ಬನು ಆ ಊರಿಗೆ ವಿಮೆಯೆಂಬ ಹೊಸ ವಿಚಾರವನ್ನು ತರುತ್ತಾನೆ. ಮನೆ ಸುಟ್ಟರೆ ಹಣ ಬರುವುದೆಂದು ಕೇಳಿದ ಪಾನಗೃಹದ ಒಡೆಯನು ತನ್ನ ಪಾನಗೃಹಕ್ಕೆ ತಾನೇ ಬೆಂಕಿಯಿಡುತ್ತಾನೆ. ಮುಂದೆ ಅಗ್ನಿಶಾಮಕರ ಸಂಘವೊಂದು ಆ ನಗರದಲ್ಲಿ ಹುಟ್ಟುತ್ತದೆ; ಆರಿಸಿದ ಬೆಂಕಿಗೆ ಹಣ ದೊರೆಯುವುದಾದರೆ ಬೆಂಕಿಗಳ ಸಂಖ್ಯೆ ಹೆಚ್ಚುವುದು ಅವರ ಹಿತವಷ್ಟೆ! ಕೊನೆಗೆ ನಗರದ ಅಧಿಪತಿಯು ಆ ಸಂಘವನ್ನೇ ನಿಷೇಧಿಸಬೇಕಾಗುತ್ತದೆ. ಪ್ರಾಚೀನ ರೋಮ್ ನಗರದಲ್ಲಿ ಕ್ರಾಸ್ಸಸ್ ಎಂಬ ಮಹಾಧನಿಕನಿದ್ದನು. ಮನೆಗಳು ಹೊತ್ತಿಕೊಂಡಾಗ ಅವನು ಉರಿಯುವ ಮನೆಯನ್ನೂ ಪಕ್ಕದ ಮನೆಗಳನ್ನೂ ಭಯಗೊಂಡ ಒಡೆಯರಿಂದ ಅಗ್ಗದ ಬೆಲೆಗೆ ಕೊಳ್ಳುತ್ತಿದ್ದನೆಂದೂ, ಕಟ್ಟಡದ ಕೆಲಸ ಬಲ್ಲ 500ಕ್ಕೂ ಹೆಚ್ಚು ದಾಸರು ಅವನಲ್ಲಿದ್ದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. ಕ್ರಿ.ಶ. 6ರಲ್ಲಿ ಅಗಸ್ಟಸ್ ಚಕ್ರವರ್ತಿಯು ರಾಜ್ಯದ ಖರ್ಚಿನಿಂದಲೇ ನಡೆಯುವ ಏಳು ಅಗ್ನಿಶಾಮಕ ದಳಗಳನ್ನು ಸ್ಥಾಪಿಸಿದನು. ಎಲ್ಲರಿಗೂ ಒದಗಬೇಕಾದ ಸೇವೆಗೆ ಪ್ರತಿಫಲವನ್ನು ಹೇಗೆ ನಿಗದಿಮಾಡಬೇಕೆಂಬುದು ನೀರಿನ ಒತ್ತಡವನ್ನು ಲೆಕ್ಕಹಾಕುವಷ್ಟೇ ಎಚ್ಚರಿಕೆಯಿಂದ ಬಿಡಿಸಬೇಕಾದ ಸಮಸ್ಯೆ. ‘ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ನಮ್ಮ ಗಾದೆಯು ಮುಂದಾಲೋಚನೆಯಿಲ್ಲದವರನ್ನು ಹಾಸ್ಯಮಾಡುತ್ತದೆ. ಬೆಂಕಿಯಿಂದಲೇ ಲಾಭವಿರುವವನು ಬಾವಿಯನ್ನು ತೋಡುವುದೇ ಇಲ್ಲ.

ಕಟ್ಟುವುದು ಸುಲಭ, ಕಾಪಾಡುವುದು ಕಷ್ಟ. ‘ಗೋಯಿಂಗ್ ಪೋಸ್ಟಲ್’ ಕಾದಂಬರಿಯ ನಿಜವಾದ ವಿಷಯ ಇದೇ. ಆ ಲೋಕದಲ್ಲಿ ಎತ್ತರವಾದ ಗೋಪುರಗಳ ಸಾಲಿನ ಮೂಲಕ ಸಂಕೇತಗಳನ್ನು ಕಳುಹಿಸುವ ತಂತಿಯಿಲ್ಲದ ತಂತಿವ್ಯವಸ್ಥೆಯೊಂದಿದೆ. ಇದಕ್ಕೂ ನಮ್ಮ ಲೋಕದಲ್ಲಿ ಮಾದರಿಯುಂಟು. ಫ್ರಾನ್ಸಿನ ಕ್ಲಾಡ್ ಷಾಪ್ 1794ರಲ್ಲಿ ಪ್ಯಾರಿಸ್ಸಿಗೂ ಲೀಲ್ ನಗರಕ್ಕೂ ನಡುವೆ ಇಂತಹ ಗೋಪುರಗಳ ಸಾಲನ್ನು ನಡೆಸಿದನು. ಕಥೆಯಲ್ಲಿ ಅದನ್ನು ಕಂಡುಹಿಡಿದವರ ಕೈಯಿಂದ ಹಣದ ವ್ಯಾಪಾರಿಗಳು ಅದನ್ನು ಕಿತ್ತುಕೊಳ್ಳುತ್ತಾರೆ. ದುರಸ್ತಿಗಾಗಿ ಸಂಕೇತಗಳನ್ನು ನಿಲ್ಲಿಸುತ್ತಿದ್ದ ಹೊತ್ತು ಅವರಿಗೆ ದಂಡವಾಗಿ ತೋರುತ್ತದೆ. ದುರಸ್ತಿಗೆ ಕತ್ತರಿ ಬೀಳುತ್ತದೆ. ಲಾಭವು ಏರುತ್ತದೆ, ಗೋಪುರಗಳು ಕೆಡುತ್ತವೆ, ಮೇಲೇರಿದ ಕೆಲಸಗಾರರು ಬಿದ್ದು ಸಾಯುತ್ತಾರೆ. ದುರಸ್ತಿಯನ್ನು ಬಿಟ್ಟವನ ಲೆಕ್ಕದಲ್ಲಿ ಮೊದಲ ವರ್ಷ ಯಾವಾಗಲೂ ಲಾಭವೇ ಕಾಣುವುದು. ನಷ್ಟವು ಬೇರೆಯವರ ಲೆಕ್ಕದಲ್ಲಿ ಬರುವುದು. ಇದೇ ನಗರದ ಕಾವಲುಪಡೆಯ ನಾಯಕನು ಬೂಟುಗಳ ವಿಷಯದಲ್ಲಿ ಒಂದು ಲೆಕ್ಕವನ್ನು ಹಾಕುತ್ತಾನೆ. 50 ನಾಣ್ಯದ ಒಳ್ಳೆಯ ಬೂಟು ಹತ್ತು ವರ್ಷ ಬಾಳುತ್ತದೆ. 10 ನಾಣ್ಯದ ಅಗ್ಗದ ಬೂಟು ಒಂದೆರಡು ಮಳೆಗಾಲಕ್ಕೆ ಮುಗಿಯುತ್ತದೆ. ಒಮ್ಮೆಗೆ 50 ಕೊಡಲಾರದ ಬಡವನು ಹತ್ತು ವರ್ಷಗಳಲ್ಲಿ 100 ನಾಣ್ಯವನ್ನು ತೆತ್ತೂ ಒದ್ದೆಗಾಲಿನಲ್ಲಿಯೇ ಇರುತ್ತಾನೆ. ಬೂಟಿನ ಜಾಗದಲ್ಲಿ ನೀರಿನ ಕೊಳವೆಯನ್ನಿಟ್ಟು ನೋಡಿರಿ. ಒಳ್ಳೆಯ ಕೊಳವೆಗೆ ಹಣವಿಲ್ಲದ ಬಡಾವಣೆಯು ಸೋರುವ ಕೊಳವೆಗೆ ತೇಪೆ ಹಾಕುತ್ತ, ಬೇಸಗೆಯಲ್ಲಿ ಟ್ಯಾಂಕರಿನ ನೀರಿಗೆ ಹೆಚ್ಚಿನ ಬೆಲೆ ತೆರುತ್ತ ಕಾಲ ಕಳೆಯುವುದು.

ಇಷ್ಟಾದರೂ ಕೆಲವರು ಕೇಳಬಹುದು: ಕೆಟ್ಟ ನಗರವನ್ನೇಕೆ ನೋಡಬೇಕು, ಆದರ್ಶನಗರವನ್ನು ಕಲ್ಪಿಸುವುದೇ ಲೇಸಲ್ಲವೆ? ಆದರ್ಶನಗರಗಳನ್ನು ಕಲ್ಪಿಸಿದವರಿಗೆ ಕಡಮೆಯಿಲ್ಲ. ಅವರಲ್ಲಿ ಇಂಗ್ಲೆಂಡಿನ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ನನಿಗೆ ಗೌರವದ ಸ್ಥಾನ ಸಲ್ಲಬೇಕು. 1875ರಲ್ಲಿ ಅವನು ‘ಹೈಜಿಯಾ’ ಎಂಬ ಆರೋಗ್ಯನಗರವನ್ನು ವರ್ಣಿಸಿದನು: 1,00,000 ಜನ, 20,000 ಮನೆ, 4,000 ಎಕರೆ ನೆಲ, ನೆಲಮಾಳಿಗೆಯಲ್ಲಿ ಯಾರೂ ವಾಸಿಸಕೂಡದು, ಹೊಗೆಯೂ ವಾಸನೆಯೂ ಮನೆಯನ್ನು ತುಂಬದಂತೆ ಅಡಿಗೆಮನೆಯು ಮೇಲಣ ಅಂತಸ್ತಿನಲ್ಲಿರಬೇಕು. ಅವನು ಚರಂಡಿಯನ್ನು ಮರೆಯಲಿಲ್ಲ. ಆದರೆ 1922ರಲ್ಲಿ ಲೆ ಕಾರ್ಬೂಸಿಯೆ ಪ್ರದರ್ಶಿಸಿದ ಮೂವತ್ತು ಲಕ್ಷ ಜನರ ನಗರವನ್ನು ನೋಡಿದರೆ, ಕಣ್ಣಿಗೆ ಮೊದಲು ಕಾಣುವುದು ಅರವತ್ತು ಅಂತಸ್ತಿನ 24 ಗಾಜಿನ ಗೋಪುರಗಳು. ನಮ್ಮ ಕಾಲದ ‘ಭವಿಷ್ಯದ ನಗರ’ಗಳ ಬಣ್ಣದ ಚಿತ್ರಗಳೆಲ್ಲ ಈ ಎರಡನೆಯ ಜಾತಿಗೆ ಸೇರಿದುವು. ಮೇಲೆ ಥಳಕು, ಒಳಗೇನಿದೆಯೆಂದು ಚಿತ್ರ ಹೇಳುವುದಿಲ್ಲ. ಹೈಜಿಯಾದಲ್ಲಿಯೂ ಒಂದು ಕೊರತೆಯುಂಟು. ಅಲ್ಲಿ ನಿಯಮವನ್ನು ಮುರಿಯುವವನಿಲ್ಲ, ದುರಸ್ತಿಯ ಹಣವನ್ನು ತಿನ್ನುವವನಿಲ್ಲ, ಬಾಡಿಗೆ ಕೊಡಲಾರದೆ ನೆಲಮಾಳಿಗೆಯಲ್ಲಿ ಮಲಗುವವನಿಲ್ಲ. ಮನುಷ್ಯರ ದೌರ್ಬಲ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಗರಯೋಜನೆಯು ಗಾಳಿಯ ರಭಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೇತುವೆಯಿದ್ದಂತೆ.

ಈಗ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬರೋಣ. ಚರಂಡಿಯಿದೆ, ಸರಿ, ಅದು ಕಟ್ಟಿಕೊಂಡಾಗ ಅದರೊಳಗೆ ಇಳಿಯುವವನು ಯಾರು? ಆಂಕ್-ಮೋರ್ಪೋರ್ಕಿನಲ್ಲಿ ಹ್ಯಾರಿ ಕಿಂಗ್ ಎಂಬವನು ಊರಿನ ಕಶ್ಮಲವನ್ನೆಲ್ಲ ಸಂಗ್ರಹಿಸಿ, ವಿಂಗಡಿಸಿ, ಮಾರಿ, ಮಹಾಶ್ರೀಮಂತನಾಗಿದ್ದಾನೆ. ಇದರಲ್ಲಿ ರಸಾಯನಶಾಸ್ತ್ರದ ಸತ್ಯವಿದೆ. ಮೂತ್ರವು ಹಿಂದಿನ ಕಾಲದಲ್ಲಿ ತೊಗಲು ಹದಮಾಡುವವರಿಗೂ ಬಟ್ಟೆ ಮಡಿಮಾಡುವವರಿಗೂ ಬೇಕಾದ ಸರಕಾಗಿತ್ತು. ಮಲದಲ್ಲಿರುವ ಸಾರಜನಕವೂ ರಂಜಕವೂ ಹೊಲಕ್ಕೆ ಹಿಂದಿರುಗಬೇಕಾದ ಸಂಪತ್ತು. ಆದರೆ ಆ ಕಥೆಯಲ್ಲಿ ವಾಚಕನ ಮನಸ್ಸಿನಲ್ಲಿ ನಿಲ್ಲುವವನು ಧಣಿ, ಅವನ ಆಳುಗಳಲ್ಲ. ಪ್ರ್ಯಾಚೆಟ್ಟನಂತಹ ಸೂಕ್ಷ್ಮದೃಷ್ಟಿಯವನ ನಗರದಲ್ಲಿಯೂ ಈ ಒಂದು ಮೂಲೆಯು ಅರೆಬೆಳಕಿನಲ್ಲಿ ಉಳಿದಿದೆಯೆಂಬುದು ನಮ್ಮ ಅಭಿಪ್ರಾಯ.

ಭಾರತೀಯರಾದ ನಾವು ಆ ಮೂಲೆಯನ್ನು ಕತ್ತಲಲ್ಲಿ ಬಿಡಲಾಗದು. ನಮ್ಮಲ್ಲಿ ಈ ಕೆಲಸವನ್ನು ಹುಟ್ಟಿನಿಂದಲೇ ಕೆಲವು ಜಾತಿಗಳ ತಲೆಗೆ ಕಟ್ಟಲಾಯಿತು. ತಲೆಗೆ ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಪಾರ್ಲಿಮೆಂಟು ಕಾಯಿದೆಗಳನ್ನು ಮಾಡಿತು. ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞೆಮಾಡಿ ಹತ್ತು ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಇಷ್ಟಾಗಿಯೂ ಒಳಚರಂಡಿಯ ಗುಂಡಿಗೆ ಇಳಿದವರು ಸತ್ತ ವಾರ್ತೆಯು ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ.

ಅವರು ಏಕೆ ಸಾಯುತ್ತಾರೆ? ಇದಕ್ಕೆ ಉತ್ತರವು ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿಯೇ ಇದೆ. ಗಾಳಿಯಾಡದ ಕೊಳಚೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಗಂಧಕದ ಲವಣಗಳನ್ನು ಒಡೆದು ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಅದರ ಅಣುತೂಕ 34. ಗಾಳಿಯದು ಸರಾಸರಿ 29. ಆದುದರಿಂದ ಅದು ತಗ್ಗಿನಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ನಾತವಿರುವುದರಿಂದ ಅಪಾಯವು ಮೂಗಿಗೆ ತಿಳಿಯುವುದೆಂದು ಜನರು ನಂಬುತ್ತಾರೆ. ಆ ನಂಬಿಕೆಯೇ ಮೃತ್ಯು. ಗಾಳಿಯ ದಶಲಕ್ಷ ಭಾಗಗಳಲ್ಲಿ ಆ ಅನಿಲವು ಸುಮಾರು 100 ಭಾಗವಾದೊಡನೆ ಮೂಗು ವಾಸನೆಯನ್ನು ಅರಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ; ಕೆಲವು ನೂರು ಭಾಗಗಳಾದರೆ ಮನುಷ್ಯನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ; ಮೂರನೆಯವನೂ ಬೀಳುತ್ತಾನೆ. ಇವರು ಅಜ್ಞಾತವಾದ ರೋಗದಿಂದ ಸತ್ತವರಲ್ಲ. ಕಾರಣವು ಗೊತ್ತಿದೆ, ಅಳೆಯುವ ಉಪಕರಣವಿದೆ, ಮನುಷ್ಯನು ಇಳಿಯದೆಯೇ ಶುದ್ಧಿಮಾಡುವ ಯಂತ್ರಗಳೂ ಇವೆ. ವಿಜ್ಞಾನವು ತಾನು ಹೇಳಬೇಕಾದುದನ್ನು ಹೇಳಿ ಮುಗಿಸಿದೆ. ಇನ್ನು ಉಳಿದಿರುವುದು, ಆ ಮನುಷ್ಯನ ಜೀವವು ಯಂತ್ರಕ್ಕಿಂತ ಅಗ್ಗವೆಂಬ ಲೆಕ್ಕವನ್ನು ನಾವು ತಿದ್ದುವುದು.

ಈ ಕಾರಣದಿಂದಲೇ ಕಲ್ಪನೆಯ ನಗರಗಳ ವಿಷಯವನ್ನು ಹಗುರವಾಗಿ ಕಾಣಬಾರದೆಂದು ಹೇಳುವುದು. ಇಂದು ಕಾಗದದ ಮೇಲೆ ಕಲ್ಪಿಸಿದುದೇ ನಾಳೆ ಕಲ್ಲಿನಲ್ಲಿ ಏಳುತ್ತದೆ. ಶಾಲೆಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ರಟ್ಟು, ಗಾಜು, ಬಣ್ಣದ ದೀಪಗಳಿಂದ ಭವಿಷ್ಯದ ನಗರಗಳನ್ನು ಮಾಡಿಡುವುದು ವಾಡಿಕೆಯಾಗಿದೆ. ಉತ್ಸಾಹವು ಮೆಚ್ಚತಕ್ಕದ್ದೇ. ಆದರೆ ಗೋಪುರವನ್ನು ಅಂಟಿಸುವ ಮುನ್ನ ಆ ಹಲಗೆಯನ್ನು ತಲೆಕೆಳಗು ಮಾಡಿ, ಅದರ ಅಡಿಭಾಗದಿಂದ ಕೆಲಸವನ್ನು ಆರಂಭಿಸಿರಿ. ಈ ನಗರಕ್ಕೆ ನೀರು ಎಲ್ಲಿಂದ, ಎಷ್ಟು ಎತ್ತರಕ್ಕೆ, ಯಾವ ಶಕ್ತಿಯಿಂದ ಬರುತ್ತದೆ? ಬೆಂಗಳೂರಿನ ವಿದ್ಯಾರ್ಥಿಯು ತನ್ನ ಮನೆಯ ನಲ್ಲಿಯನ್ನು ತಿರುಗಿಸುವಾಗ, ಆ ಕಾವೇರಿಯ ನೀರು ಸುಮಾರು 100 ಕಿಲೊಮೀಟರು ದೂರದಿಂದ ಬಂದು ಸುಮಾರು 500 ಮೀಟರು ಮೇಲೇರಿದೆಯೆಂಬುದನ್ನು ನೆನೆದರೆ ಈ ಪ್ರಶ್ನೆಯ ತೂಕ ತಿಳಿಯುವುದು. ಕೊಳಕು ಯಾವ ಇಳಿಜಾರಿನಲ್ಲಿ ಎಲ್ಲಿಗೆ ಹೋಗುತ್ತದೆ? ಕೆಳಹೊಳೆಯ ಊರಿನವರು ಏನನ್ನು ಕುಡಿಯುತ್ತಾರೆ? ಗಾಳಿ ನಿಂತ ದಿನ ಹೊಗೆಯು ಎಲ್ಲಿ ನಿಲ್ಲುತ್ತದೆ? ಇಪ್ಪತ್ತು ವರ್ಷಗಳ ಮೇಲೆ ದುರಸ್ತಿಗೆ ಹಣವನ್ನು ಯಾರು ತೆಗೆದಿಟ್ಟಿದ್ದಾರೆ? ಕಡೆಯದಾಗಿ, ಈ ನಗರದ ಅತ್ಯಂತ ಕಷ್ಟದ ಕೆಲಸವನ್ನು ಮಾಡುವವನ ಮನೆಯು ನಿಮ್ಮ ಈ ಹಲಗೆಯ ಮೇಲೆ ಎಲ್ಲಿದೆ?

ಈ ಪ್ರಶ್ನೆಗಳಿಗೆ ಉತ್ತರವಿರುವ ನಗರವು ನೋಡಲು ಸಾಧಾರಣವಾಗಿ ಕಾಣಬಹುದು. ಬಹುಮಾನವು ಪಕ್ಕದ ಗಾಜಿನ ಗೋಪುರಕ್ಕೆ ಹೋಗಲೂಬಹುದು. ಹೋದರೆ ಹೋಗಲಿ. ಜನರು ಬದುಕಬಲ್ಲ ನಗರವನ್ನು ಕಲ್ಪಿಸಿದವರು ನೀವಾಗುತ್ತೀರಿ. ನಮ್ಮ ಕಾಲದ ಕವಿಯೊಬ್ಬನು ಹತ್ತೊಂಬತ್ತನೆಯದಾದ ಒಂದು ವರ್ಣನೆಯನ್ನು ಹಳೆಯ ಹದಿನೆಂಟಕ್ಕೆ ಸೇರಿಸಹೊರಟರೆ, ಅದು ಚರಂಡಿಯ ವರ್ಣನೆಯಾಗಲಿ. ಆ ಚರಂಡಿಯೊಳಗೆ ಮನುಷ್ಯನಿಳಿಯಬೇಕಾದ ಪ್ರಸಂಗವು ಅದರಲ್ಲಿ ಇಲ್ಲದಿರಲಿ.